ಕೇಸು ಯಾರದು?

ನಮ್ಮ ವಾಚನಾಲಯದಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸಿ ಆಮೇಲೆ ಕೂತು ಚರ್ಚೆ ಮಾಡುವ ಪದ್ಧತಿ ಶುರುವಾಗಿ ವರ್ಷವಾಯಿತು. ಒಳ್ಳೆಯ ಪದ್ಧತಿ, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಹೋದ ತಿಂಗಳು ತೋರಿಸಿದ ಸಿನಿಮಾದ ಮೇಲೆ, ಅದಕ್ಕಿಂತ ಹೆಚ್ಚಾಗಿ ಆಮೇಲೆ ನಡೆದ ಚರ್ಚೆಯ ಮೇಲೆ. ಆವತ್ತು ಎದ್ದು ನಿಂತು ನಾಲ್ಕು ಮಾತಾಡಿದೆ. "ಟೀಚರಮ್ಮನಿಗೆ ಸಿನಿಮಾ ಅಂದ್ರೇ ಆಗಲ್ಲ ಬಿಡ್ರೋ" ಅಂತ ಹುಡುಗರು ನಕ್ಕರು. ಅದಕ್ಕೇ ಈಗ ಬರೆದು ಹೇಳುತ್ತಿದ್ದೇನೆ. ಕಾಗದದ ಮೇಲಿದ್ದರೆ ಅಷ್ಟು ಸುಲಭವಾಗಿ ನಕ್ಕು ಎದ್ದುಹೋಗೋಕೆ ಆಗಲ್ಲ.

ಸಿನಿಮಾ 1983ರದು, ಹಿಂದಿಯದು. ಹೆಸರು ‘ಮುಝೆ ಇನ್ಸಾಫ್ ಚಾಹಿಯೇ’. ನನಗೆ ನ್ಯಾಯ ಬೇಕು ಅಂತ ಅರ್ಥ. ಬ್ಯಾಂಕ್ ಪರೀಕ್ಷೆಗೆ ಓದುವ ನಮ್ಮ ಹುಡುಗರ ಕಿವಿಗೆ ಸ್ವಲ್ಪ ಹಿಂದಿ ಬೀಳಲಿ ಅಂತ ಅದನ್ನು ಆರಿಸಿದರಂತೆ. ಕಥೆ ಇಷ್ಟು: ದೊಡ್ಡ ವಕೀಲರೊಬ್ಬರ ಮಗ ಒಂದು ಹುಡುಗಿಯನ್ನು ನಂಬಿಸಿ ಕೈಬಿಡುತ್ತಾನೆ, ಅವಳು ಬಸುರಿ, ನ್ಯಾಯ ಕೇಳಿಕೊಂಡು ಕೋರ್ಟಿಗೆ ಹೋಗುತ್ತಾಳೆ. ಅವಳ ಪರ ವಕೀಲೆಯಾಗಿ ರೇಖಾ. ಎದುರಿಗೆ ನಿಲ್ಲುವವನು ಹುಡುಗನ ಅಪ್ಪ. ಈ ಇಬ್ಬರು ವಕೀಲರ ನಡುವೆ ಹಿಂದೆ ಒಂದು ಸಂಬಂಧ ಇತ್ತು, ಅದು ಕೆಟ್ಟು ಹೋಗಿತ್ತು ಅನ್ನೋದು ಕಥೆಯೊಳಗಿನ ಗುಟ್ಟು.

ಚರ್ಚೆ ಒಂದೂವರೆ ಗಂಟೆ ನಡೆಯಿತು. ಆಕೆ ಹಳೇ ಸೇಡಿಗೆ ವಾದ ಮಾಡಿದಳೋ, ಧರ್ಮಕ್ಕೆ ಮಾಡಿದಳೋ? ಜೊತೆಗೆ ಬಾಳಿದವರು ಕೋರ್ಟಲ್ಲಿ ಎದುರುಬದುರು ನಿಲ್ಲಬಹುದೋ? ಗಂಡ ಹೆಂಡತಿ ಇಬ್ಬರೂ ಲಾಯರಾದರೆ ಮನೆಯಲ್ಲಿ ಮುದ್ದೆ ತೊಳಸೋರು ಯಾರು? ಇದಕ್ಕೆ ನಗು ಬೇರೆ. ಕೇಸು ಹಾಕಿದ ಹುಡುಗಿಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಸಿನಿಮಾದಲ್ಲಿ ಅವಳ ಹೆಸರೇನು ಅಂತ ನಾನು ಕೇಳಿದೆ. ಹದಿನಾರು ಜನ ಇದ್ದರು, ಹದಿನಾರೂ ಜನ ಮುಖ ಮುಖ ನೋಡಿಕೊಂಡರು.

ಹಿಂದೆ, ಬಾಗಿಲ ಹತ್ತಿರ, ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ನಮ್ಮ ಕೇರಿಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹೆಸರು ಬೇಡ, ಆಯಮ್ಮ ಅಂತಲೇ ಇಟ್ಟುಕೊಳ್ಳಿ. ಹಿಂದಿಯ ಒಂದಕ್ಷರ ಬಾರದು. ಮನೆಗೆ ಹೋಗುವಾಗ ದಾರಿಯಲ್ಲಿ ಕೇಳಿದೆ, ಹೆಂಗಿತ್ತಮ್ಮಾ ಸಿನಿಮಾ ಅಂತ. "ಕೋರ್ಟಲ್ಲಿ ಕೂತಂಗೇ ಇತ್ತು ಟೀಚರಮ್ಮ. ಎಲ್ರೂ ಮಾತಾಡ್ತಾ ಇರ್ತಾರೆ, ನಂಗೊಂದೂ ತಿಳಿಯಲ್ಲ" ಅಂದಳು.

ಆಯಮ್ಮನ ಈ ಮಾತಿಗೆ ಹೋಲಿಸಿದರೆ ನಮ್ಮ ಒಂದೂವರೆ ಗಂಟೆ ಚರ್ಚೆ ನನಗೆ ಹೊಟ್ಟು ಕೇರಿದಂತೆ ಕಂಡಿತು.

ಆಯಮ್ಮನ ಕೇಸು ಏನು ಅಂತ ಹೇಳುತ್ತೇನೆ, ಅವಳ ಒಪ್ಪಿಗೆ ತಗೊಂಡೇ ಹೇಳುತ್ತೇನೆ. ಯಾವ ಕೋರ್ಟು, ಯಾವ ವಕೀಲರು ಅಂತ ಮಾತ್ರ ಹೇಳೋದಿಲ್ಲ. ಒಬ್ಬರ ಮೇಲೆ ಬೆರಳು ತೋರಿಸಿದರೆ ಉಳಿದವರು ತಪ್ಪಿಸಿಕೊಳ್ಳುತ್ತಾರೆ.

ಅವಳನ್ನು ಕೊಟ್ಟದ್ದು ಗಡಿಯಾಚೆಗೆ, ಶಿರಾ ತಾಲೂಕಿನ ಒಂದು ಹಳ್ಳಿಗೆ. ಮಡಕಶಿರದ ಮೂರು ಕಡೆ ಕರ್ನಾಟಕವೇ ಇರುವಾಗ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯ ಹೆಣ್ಣುಮಕ್ಕಳನ್ನು ಶಿರಾಕ್ಕೋ ಪಾವಗಡಕ್ಕೋ ಮಧುಗಿರಿಗೋ ಕೊಡದೆ ಇನ್ನೆಲ್ಲಿಗೆ ಕೊಡೋದು? ಹೆಣ್ಣು ತರುವಾಗ, ಕೊಡುವಾಗ ಯಾರಿಗೂ ರಾಜ್ಯ ನೆನಪಾಗಲ್ಲ. ಹೆಣ್ಣು ಅಳುತ್ತಾ ವಾಪಸು ಬಂದ ದಿನ ನೆನಪಾಗುತ್ತೆ.

ಗಂಡ ಕುಡಿದು ಹೊಡೆಯುತ್ತಿದ್ದ. ಒಂದು ರಾತ್ರಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ವರ್ಷ ಕಾದು ಜೀವನಾಂಶಕ್ಕೆ ಅರ್ಜಿ ಹಾಕಿಸಿದೆವು. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 125ನೇ ಕಲಂ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144. ಕಾನೂನು ಒಳ್ಳೆಯದೇ. ಹೆಂಡತಿ ತಾನಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟಿಸು ತಲುಪಿದ 60 ದಿನದೊಳಗೆ ಆದಮಟ್ಟಿಗೂ ಮುಗಿಸಬೇಕು. 1973ರ ಸಂಹಿತೆ ತಿಂಗಳಿಗೆ 500 ರೂಪಾಯಿ ಮೀರಬಾರದು ಅಂತ ಮಿತಿ ಹಾಕಿತ್ತು, 2001ರ ತಿದ್ದುಪಡಿಯಲ್ಲಿ ಆ ಮಿತಿಯೂ ಹೋಯಿತು. ಓದುತ್ತಾ ಹೋದರೆ ಹೆಣ್ಣುಮಗಳ ಬೆನ್ನಿಗೆ ಕಾನೂನು ಗಟ್ಟಿಯಾಗಿ ನಿಂತಿದೆ ಅನಿಸುತ್ತೆ.

ಅವಳು ಸಾಕ್ಷಿ ಹೇಳಿದ ದಿನ ನಾನು ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದೆ. ಪಾಟೀಸವಾಲಿನಲ್ಲಿ ತೆಲುಗಿನಲ್ಲಿ ಕೇಳಿದರಂತೆ, ಗಂಡನ ಮನೆಯಿಂದ ಯಾಕೆ ಬಂದೆ ಅಂತ. ಇವಳು ತನ್ನ ಭಾಷೆಯಲ್ಲಿ ಹೇಳಿದ್ದಾಳೆ: "ಆವಯ್ಯ ಕುಡ್ದು ಬಂದು ಹೊಡ್ದ, ಮಗೀನ ಎತ್ಕೊಂಡು ಬಂದ್ಬಿಟ್ಟೆ." ಅಲ್ಲಿದ್ದ ಯಾರೋ ಒಬ್ಬರು ತೆಲುಗಿಗೆ ತಿರುಗಿಸಿದರು: "ವದಿಲೇಸಿ ವಚ್ಚಾನಂಟೋಂದಿ." ಬಿಟ್ಟು ಬಂದೆ ಅಂತಿದಾಳೆ. ಹಾಳೆಯ ಮೇಲೆ ಅದು ಇಂಗ್ಲಿಷಿಗೆ ಇಳಿಯುವ ಹೊತ್ತಿಗೆ, ನಾನಾಗಿಯೇ ಗಂಡನ ಮನೆ ಬಿಟ್ಟೆ ಅನ್ನುವ ವಾಕ್ಯವಾಗಿತ್ತು. ಆ ಇಂಗ್ಲಿಷ್ ಹಾಳೆಯ ಕೆಳಗೆ ಇವಳು ಗುಂಡಗೆ, ನಾನೇ ಕಲಿಸಿದ ಕನ್ನಡ ಅಕ್ಷರದಲ್ಲಿ ಸಹಿ ಹಾಕಿ ಬಂದಳು.

ನಾನು ರಾಯದುರ್ಗದ ಕಡೆಯೂ ಮಡಕಶಿರದ ಕಡೆಯೂ ಸೇರಿ 31 ವರ್ಷ ಕನ್ನಡ ಶಾಲೆಗಳಲ್ಲಿ ಪಾಠ ಮಾಡಿದವಳು. ‘ಬಿಡು’ ಅನ್ನುವ ಧಾತು ಮುಂದೆ ನಿಂತರೆ ಒಂದರ್ಥ, ಹಿಂದೆ ನಿಂತರೆ ಇನ್ನೊಂದು ಅಂತ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಬಿಟ್ಟುಬಂದೆ ಅಂದರೆ ಬಿಟ್ಟದ್ದೂ ಉಂಟು, ಬಂದದ್ದೂ ಉಂಟು. ಬಂದುಬಿಟ್ಟೆ ಅಂದರೆ ಬಂದದ್ದು ಮಾತ್ರ. ದಾರಿ ಕಾಣದೆ, ತಡೆಯಲಾರದೆ, ಗಕ್ಕನೆ ಬಂದದ್ದು. ಮಳೆ ಬಂದುಬಿಡ್ತು ಅನ್ನುತ್ತೇವಲ್ಲ, ಮಳೆ ಯಾರನ್ನು ಬಿಟ್ಟು ಬಂತು? ತೆಲುಗಿನಲ್ಲೂ ಈ ವ್ಯತ್ಯಾಸ ಇದೆ. ‘ವಚ್ಚೇಶಾನು’ ಅಂದಿದ್ದರೆ ಸಾಕಿತ್ತು, ತೂಕಕ್ಕೆ ತೂಕ ಸರಿಹೋಗುತ್ತಿತ್ತು. ತಿರುಗಿಸಿದವರಿಗೆ ಕನ್ನಡದ ಮೇಲೆ ದ್ವೇಷ ಇರಲಿಲ್ಲ. ಅದು ಅವರ ಕೆಲಸವೂ ಆಗಿರಲಿಲ್ಲ, ಪಾಪ. ಊಟದ ಹೊತ್ತಾಗಿತ್ತು, ಇನ್ನೂ ಹತ್ತು ಕೇಸು ಇದ್ದವು, ಬಾಯಿಗೆ ಬಂದದ್ದು ಅಂದರು.

ಆದರೆ ಆ ಒಂದು ಮಾತಿನ ಬೆಲೆ ಏನು ಗೊತ್ತೇ? ಅದೇ ಕಲಂನ 4ನೇ ಉಪಕಲಂ ಹೇಳುತ್ತೆ: ತಕ್ಕ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶವಿಲ್ಲ. ಎದುರು ವಕೀಲರು ಆ ಸಾಲನ್ನು ಗೀಟು ಹಾಕಿ ಇಟ್ಟುಕೊಂಡಿದ್ದಾರೆ. ನಕಲು ಕೈಗೆ ಬಂದ ಮೇಲೆ ನಿಘಂಟು ಇಟ್ಟುಕೊಂಡು ನಾನು ಓದಿದಾಗಲೇ ನಮಗೆ ಇದು ತಿಳಿದದ್ದು. ಇನ್ನೊಂದು ಸಾಲು ಅದಕ್ಕಿಂತ ಚೆಂದ. ಜೀವನಕ್ಕೆ ಏನು ಮಾಡ್ತೀಯ ಅಂದದ್ದಕ್ಕೆ ಇವಳು "ಕೂಲಿ ಸಿಕ್ಕಿದ ದಿನ ಉಂಟು, ಸಿಗದ ದಿನ ಇಲ್ಲ" ಅಂದಿದ್ದಾಳೆ. ಹಾಳೆಯಲ್ಲಿರುವುದು ಕೂಲಿ ಮಾಡಿ ಸಂಪಾದಿಸುತ್ತೇನೆ ಅಂತ. ಸಿಗದ ದಿನ ಹಾಳೆಯಿಂದ ಉದುರಿಹೋಗಿದೆ. ರಾಯದುರ್ಗದಲ್ಲಿ ಮನೆಯಲ್ಲೇ ಪೀಸಿಗಿಷ್ಟು ಅಂತ ಜೀನ್ಸ್ ಪ್ಯಾಂಟ್ ಹೊಲಿಯುವ ನಮ್ಮ ನೆಂಟರ ಹುಡುಗಿಗೂ ಇದೇ ಆಯಿತು. ಮಿಷನ್ ಇದೆ ಅಂದಳು, ಹೊಲಿಗೆ ವ್ಯಾಪಾರ ಇದೆ ಅಂತ ಆಯಿತು. ಮಿಷನ್ನಿನ ಸಾಲದ ಕಂತು ಕೇಳುವವರಿಲ್ಲ.

ಈಗ ಸಿನಿಮಾಕ್ಕೆ ಬರುತ್ತೇನೆ. ಎರಡಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಆವತ್ತು ತೋರಿಸಿದ ಕಥೆ ಹಿಂದಿಯದಲ್ಲ, ನಮ್ಮ ಪಕ್ಕದ ಮನೆಯದೇ. ಡಿ. ಕಾಮೇಶ್ವರಿಯವರ ‘ಕೊತ್ತ ಮಲುಪು’ ಕಾದಂಬರಿಯಿಂದ 1981ರಲ್ಲಿ ತೆಲುಗಿನ ‘ನ್ಯಾಯಂ ಕಾವಾಲಿ’ ಬಂತು. ಚಿರಂಜೀವಿ, ರಾಧಿಕಾ, ವಕೀಲೆಯಾಗಿ ಶಾರದಾ, ಎದುರು ಜಗ್ಗಯ್ಯ. ನಾನು ಹೈಸ್ಕೂಲಿನಲ್ಲಿದ್ದಾಗ ಟೆಂಟಿನಲ್ಲಿ ಮರಳ ಮೇಲೆ ಕೂತು ನೋಡಿದೆ. ಶಾರದಾ ಎದ್ದು ನಿಂತರೆ ಹೆಂಗಸರ ಕಡೆಯಿಂದ ಉಸಿರು ಕೇಳುತ್ತಿರಲಿಲ್ಲ. 1983ರಲ್ಲಿ ಅದು ಕನ್ನಡದಲ್ಲಿ ‘ಕೆರಳಿದ ಹೆಣ್ಣು’ ಆಯಿತು, ಅದೇ ವರ್ಷ ಹಿಂದಿಗೆ ಹೋಯಿತು, 1984ರಲ್ಲಿ ತಮಿಳಿನಲ್ಲಿ ‘ವಿಧಿ’. ಮೂರು ವರ್ಷದಲ್ಲಿ ಒಂದೇ ಮೊಕದ್ದಮೆ ನಾಲ್ಕು ಭಾಷೆಯಲ್ಲಿ ನಡೆದುಹೋಯಿತು. ಪ್ರತಿ ಭಾಷೆಯಲ್ಲೂ ಹುಡುಗಿಯ ಭಾಷೆ, ವಕೀಲರ ಭಾಷೆ, ಜಡ್ಜಿಯ ಭಾಷೆ ಒಂದೇ! ಸಿನಿಮಾದವರು ನಾಲ್ಕು ಸಲ ಮಾಡಿದ್ದನ್ನು ಸರ್ಕಾರ ಆಯಮ್ಮನಿಗೆ ಒಂದು ಸಲ ಮಾಡಿಕೊಡಲಿಲ್ಲ.

ವಕೀಲ ದಂಪತಿಯನ್ನು ಎದುರುಬದುರು ನಿಲ್ಲಿಸುವ ಅಚ್ಚು ಇನ್ನೂ ಹಳೆಯದು. 1949ರಲ್ಲಿ ಅಮೆರಿಕದಲ್ಲಿ ‘ಆಡಮ್ಸ್ ರಿಬ್’ ಅಂತ ಒಂದು ಚಿತ್ರ ಬಂತು. ಗಂಡ ಸರ್ಕಾರಿ ವಕೀಲ, ಹೆಂಡತಿ ಆರೋಪಿ ಪರ ವಕೀಲೆ. ಬರೆದವರೂ ಗಂಡ ಹೆಂಡತಿಯೇ, ರೂತ್ ಗಾರ್ಡನ್ ಮತ್ತು ಗಾರ್ಸನ್ ಕಾನಿನ್. ಹಾದಿ ತಪ್ಪಿದ ಗಂಡನ ಮೇಲೆ ಗುಂಡು ಹಾರಿಸಿದ ಬಡ ಹೆಂಗಸಿನ ಕೇಸು ಅದು. ಆ ಚಿತ್ರ ನೋಡಿದವರನ್ನು ಕೇಳಿ ನೋಡಿ, ಸ್ಪೆನ್ಸರ್ ಟ್ರೇಸಿ, ಕ್ಯಾಥರೀನ್ ಹೆಪ್‌ಬರ್ನ್ ಜಗಳ ನೆನಪಿರುತ್ತೆ, ಗುಂಡು ಹಾರಿಸಿದವಳ ಮೂರು ಮಕ್ಕಳು ನೆನಪಿರಲ್ಲ. ಈ ಕಥೆ ಹೊಳೆದದ್ದು ನಿಜವಾದ ಒಂದು ವಕೀಲ ಜೋಡಿಯಿಂದ ಅಂತ ಹೇಳುತ್ತಾರೆ. ರೇಮಂಡ್ ಮಾಸಿ ಅನ್ನುವ ನಟನೂ ಅವನ ಹೆಂಡತಿಯೂ ವಿಚ್ಛೇದನಕ್ಕೆ ಹೋದಾಗ ಒಬ್ಬರಿಗೆ ಒಬ್ಬರಂತೆ ವಕೀಲರಾಗಿದ್ದ ಗಂಡ ಹೆಂಡತಿ, ಕೇಸು ಮುಗಿದ ಮೇಲೆ ತಾವೂ ಬೇರೆಯಾಗಿ ತಂತಮ್ಮ ಕಕ್ಷಿದಾರರನ್ನೇ ಮದುವೆಯಾದರು. ಅದಾದರೂ ಪರವಾಗಿಲ್ಲ, ಕಕ್ಷಿದಾರರು ಅವರ ಕಣ್ಣಿಗೆ ಬಿದ್ದಿದ್ದರು.

ನಮ್ಮ ಕಡೆ 2004ರಲ್ಲಿ ಹಿಂದಿಯ ‘ಐತ್‌ರಾಜ್’ ಬಂತು. ಗಂಡನ ಮೇಲೆ ಬಂದ ಆರೋಪಕ್ಕೆ ವಕೀಲೆ ಹೆಂಡತಿಯೇ ಕೋಟು ಹಾಕಿಕೊಂಡು ನಿಲ್ಲುತ್ತಾಳೆ. ಅಲ್ಲೂ ಅಷ್ಟೆ, ಕೋರ್ಟು ಅಂದರೆ ದಾಂಪತ್ಯದ ಪರೀಕ್ಷೆ ನಡೆಯೋ ಜಾಗ. ನಮ್ಮ ಹಳ್ಳಿಯಲ್ಲಿ ಅರಳಿಕಟ್ಟೆ ಮೇಲೆ ಕೂತು ಮಾಡುವ ನ್ಯಾಯವನ್ನೇ ಎತ್ತಿ ಕರಿ ಕೋಟು ತೊಡಿಸಿದ್ದಾರೆ, ಅಷ್ಟೇ. ಯಾರ ಮನೆಯಲ್ಲಿ ಯಾರ ಮಾತು ನಡೆಯುತ್ತೆ, ಯಾರು ಸೋತು ಯಾರ ಕಾಲಿಗೆ ಬಿದ್ದರು ಅನ್ನೋದೇ ನಮಗೆ ರುಚಿ. ಮೊಕದ್ದಮೆ ಅದಕ್ಕೊಂದು ನೆಪ.

ನಿಜವಾದ ಕೋರ್ಟಿನಲ್ಲಿ ಈ ಆಟ ನಡೆಯೋದು ಅಷ್ಟು ಸುಲಭವಲ್ಲ. ವಕೀಲರ ಪರಿಷತ್ತಿನ ನಡತೆ ನಿಯಮಗಳಿವೆ. ಕೇಸು ಹಿಡಿಯುವಾಗಲೇ ಎದುರುಗಡೆಯವರ ಜೊತೆ ತನಗಿರುವ ಸಂಬಂಧವನ್ನೆಲ್ಲ ಕಕ್ಷಿದಾರನಿಗೆ ಬಿಚ್ಚಿ ಹೇಳಬೇಕು. ಕಕ್ಷಿದಾರ ಹೇಳಿದ ಗುಟ್ಟನ್ನು ವಕೀಲರು ಯಾರಿಗೂ ಬಿಟ್ಟುಕೊಡಬಾರದು, ಹಾಸಿಗೆಯ ಮೇಲೂ. ಗಂಡ, ಹೆಂಡತಿ, ಅಪ್ಪ, ಮಗ ಜಡ್ಜಿಯಾಗಿ ಕೂತಿದ್ದರೆ ಅವರ ಮುಂದೆ ವಾದ ಮಾಡುವ ಹಾಗಿಲ್ಲ. ಈ ನಿಯಮಗಳೆಲ್ಲ ಏನು ಹೇಳುತ್ತವೆ ಅಂದರೆ, ಕೇಸು ಕಕ್ಷಿದಾರನದು, ನಿನ್ನ ಮನೆ ಪುರಾಣ ಹೊರಗಿಟ್ಟು ಬಾ ಅಂತ. ಸಿನಿಮಾ ಹೇಳೋದು ಇದಕ್ಕೆ ತದ್ವಿರುದ್ಧ.

1984ರ ಕುಟುಂಬ ನ್ಯಾಯಾಲಯ ಕಾಯಿದೆಯ 13ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆ ಕೋರ್ಟಿನಲ್ಲಿ ವಕೀಲರನ್ನು ನಿಲ್ಲಿಸಿಕೊಳ್ಳೋದು ಯಾರಿಗೂ ಹಕ್ಕಲ್ಲ. ಗಂಡ ಹೆಂಡತಿ ತಾವೇ ಬಾಯಿ ಬಿಟ್ಟು ಮಾತಾಡಲಿ ಅನ್ನೋದು ಆಶಯ. ಇದನ್ನು ಓದಿದಾಗ ನನಗೆ ನಗುವೂ ಬಂತು, ಅಳುವೂ ಬಂತು. ಬಾಯಿ ಬಿಟ್ಟು ಮಾತಾಡು ಅಂದರಲ್ಲ, ಯಾವ ಭಾಷೆಯಲ್ಲಿ?

"ನಿಮಗೆಲ್ಲ ತೆಲುಗು ಬರುತ್ತಲ್ಲ ಟೀಚರಮ್ಮ" ಅಂತ ಆವತ್ತೇ ಒಬ್ಬ ಹುಡುಗ ಕೇಳಿದ. ಬರುತ್ತಪ್ಪ. ಸಂತೆಯಲ್ಲಿ ವ್ಯಾಪಾರ ಮಾಡೋಕೆ, ಬಸ್ಸಿನಲ್ಲಿ ಜಗಳ ಆಡೋಕೆ, ಸಿನಿಮಾ ನೋಡೋಕೆ ಬರುತ್ತೆ. ತೆಲುಗು ನಮಗೆ ಪರರ ಭಾಷೆ ಅಂತ ನಾನು ಯಾವತ್ತೂ ಅಂದವಳಲ್ಲ, ನನ್ನ ಸೊಸೆ ಮನೆಯಲ್ಲಿ ತೆಲುಗೇ ಆಡುತ್ತಾಳೆ, ಮೊಮ್ಮಗ ಎರಡನ್ನೂ ಕಲೆಸಿ ಆಡುತ್ತಾನೆ. ಆದರೆ ಗಂಡ ಎಲ್ಲಿಗೆ ಹೊಡೆದ, ಯಾವುದರಲ್ಲಿ ಹೊಡೆದ, ಆಮೇಲೆ ಏನು ಮಾಡಿದೆ ಅಂತ ಹತ್ತು ಜನ ಗಂಡಸರ ಮುಂದೆ ಹೇಳಬೇಕಾದಾಗ ಸಂತೆಯ ತೆಲುಗು ಬಾಯಿಗೆ ಬರಲ್ಲ. ತಾಯಿ ಹಾಲಿನ ಜೊತೆ ಬಂದ ಮಾತೇ ತೊದಲುತ್ತೆ ಅಲ್ಲಿ. ಬರೆದುಕೊಳ್ಳೋದು ಇಂಗ್ಲಿಷಿನಲ್ಲಾದರೆ ಕೇಳೋದೇ ಬೇಡ, ಅದು ತೆಲುಗಿನ ಹೆಣ್ಣುಮಗಳಿಗೂ ಒಂದೇ, ನಮ್ಮವಳಿಗೂ ಒಂದೇ. ನಮ್ಮವಳಿಗೆ ಒಂದು ಗೋಡೆ ಜಾಸ್ತಿ.

ಆಯಮ್ಮನ ಗಂಡನ ವಿಷಯ ಇನ್ನೂ ಹೇಳಲಿಲ್ಲ. ಇವಳು ಇಲ್ಲಿ ಜೀವನಾಂಶಕ್ಕೆ ಹಾಕಿದ ಮೇಲೆ ಅವನು ಅಲ್ಲಿ ಕರ್ನಾಟಕದ ಕೋರ್ಟಿನಲ್ಲಿ, ಹೆಂಡತಿಯನ್ನು ಮನೆಗೆ ಕಳಿಸಿಕೊಡಿ ಅಂತ ಹಿಂದೂ ವಿವಾಹ ಕಾಯಿದೆಯ 9ನೇ ಕಲಂ ಕೆಳಗೆ ಅರ್ಜಿ ಹಾಕಿದ. ಅವನ ಅರ್ಜಿ ಕನ್ನಡದಲ್ಲಿದೆ. ಅವನು ಸಾಕ್ಷಿ ಹೇಳಿದರೆ ಕನ್ನಡದಲ್ಲೇ ಕೇಳುತ್ತಾರೆ. ಇಬ್ಬರ ಮಾತೂ ಒಂದೇ, ಬೈದಾಡಿದ್ದೂ ಅದೇ ಮಾತಿನಲ್ಲಿ. ಗಂಡನ ಮಾತು ಕೋರ್ಟಿಗೆ ನೇರ ಹೋಗುತ್ತೆ, ಹೆ‍ಂಡತಿಯ ಮಾತು ಎರಡು ಕಡೆ ಬಸ್ಸು ಬದಲಾಯಿಸಿ ಹೋಗುತ್ತೆ. ಇವನ ಕೇಸನ್ನೂ ಇತ್ತ ತರಿಸಿಕೊಂಡು ಎರಡನ್ನೂ ಒಂದೇ ಊರಿನಲ್ಲಿ ನಡೆಸೋಣ ಅಂದರೆ ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ಕೇಸು ವರ್ಗ ಮಾಡೋ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. ಬೆಳಿಗ್ಗೆ ಹೋಗಿ ಸಂಜೆ ಬರುವ ದೂರಕ್ಕೆ ದೆಹಲಿಗೆ ಹೋಗಿ ಬರಬೇಕು. ಗಂಡ ಹೆಂಡತಿ ಕೋರ್ಟಿನಲ್ಲಿ ಎದುರುಬದುರು ನಿಂತ ಸಿನಿಮಾ ಬೇಕಾದರೆ ಇದನ್ನು ತೆಗೆಯಿರಿ.

ಈ ಗಡಿ ಗೆರೆಯನ್ನು ನಾವು ಎಳೆದದ್ದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಅದೇ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಉಳಿದವು. ಮಡಕಶಿರ ಮೊದಲಿಂದ ಅನಂತಪುರ ಜಿಲ್ಲೆ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಅಂತ ಬೋರ್ಡು ಬದಲಾಯಿತು, ನಮ್ಮ ಬಾಯಲ್ಲಿ ಇನ್ನೂ ಅನಂತಪುರವೇ. ಅಮರಾಪುರದ ಹತ್ತಿರ ಹೇಮಾವತಿಗೆ ಹೋಗಿ ನೋಡಿ. ನೊಳಂಬರ ರಾಜಧಾನಿ ಅದು, ಹೆಂಜೇರು. ಯಾರಿಗೆ ಏನು ದತ್ತಿ ಕೊಟ್ಟೆವು ಅಂತ ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಕನ್ನಡದಲ್ಲಿ ಬರೆಸಿದರು, ಊರವರು ಓದಿ ತಿಳಿಯಲಿ ಅಂತ. ಇವತ್ತು ಅದೇ ಊರಿನವಳಿಗೆ ತನ್ನ ಹಕ್ಕಿನ ಕಾಗದ ಓದೋಕೆ ನನ್ನಂಥ ಒಬ್ಬ ಮುದುಕಿ, ಒಂದು ನಿಘಂಟು ಬೇಕು. ರಾಜ್ಯ ಮತ್ತೆ ಒಡೆಯಿರಿ ಅಂತ ನಾನು ಹೇಳುತ್ತಿಲ್ಲ, ಆ ವಯಸ್ಸೂ ಅಲ್ಲ, ಆ ಆಸೆಯೂ ಇಲ್ಲ. ಹೈಕೋರ್ಟನ್ನು ಬಿಟ್ಟು ರಾಜ್ಯದ ಪ್ರತಿಯೊಂದು ಕೋರ್ಟಿನ ಭಾಷೆ ಯಾವುದು ಅಂತ ರಾಜ್ಯ ಸರ್ಕಾರ ತೀರ್ಮಾನಿಸಬಹುದು ಅಂತ ಕ್ರಿಮಿನಲ್ ಪ್ರಕ್ರಿಯೆಯ ಕಾನೂನೇ ಹೇಳುತ್ತೆ. ಹಳೆಯದರಲ್ಲಿ 272, ಹೊಸದರಲ್ಲಿ 307. ಪ್ರತಿಯೊಂದು ಕೋರ್ಟು ಅನ್ನೋ ಮಾತು ಅಲ್ಲಿದೆ. ಅಂದ ಮೇಲೆ ಈ ಎರಡು ಊರುಗಳಿಗೆ ಕನ್ನಡವನ್ನೂ ಒಂದು ಭಾಷೆಯಾಗಿ ಸೇರಿಸಿ ಅಂತ ಕೇಳೋದು ದಂಗೆಯಲ್ಲ.

ಸಿನಿಮಾದ ಪರ ಮಾತಾಡಿದ ಹುಡುಗಿಯೊಬ್ಬಳ ವಾದವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಈ ಸಲ ಇಂಟರ್ ಮುಗಿಸಿದವಳು. "ರೇಖಾನ ನೋಡಿ ನಾನೂ ಲಾಯರಾಗ್ಬೇಕು ಅನ್ಸ್ತು ಟೀಚರಮ್ಮ, ಅದು ತಪ್ಪಾ?" ಅಂದಳು. ತಪ್ಪಲ್ಲಮ್ಮಾ. 1923ರಲ್ಲಿ ಕಾಯಿದೆ ಬರುವವರೆಗೆ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ವಕೀಲಿ ಸನ್ನದು ನಿರಾಕರಿಸುತ್ತಿದ್ದ ದೇಶ ಇದು. ರಾಯದುರ್ಗಕ್ಕೆ ಪಕ್ಕದ ಊರು ಬಳ್ಳಾರಿ. ಅಲ್ಲೇ ಓದಿ ಅಲ್ಲೇ ವಕೀಲಿ ಮಾಡಿದ ಮಂಜುಳಾ ಚೆಲ್ಲೂರ್ ಅವರು ಕೇರಳ, ಕಲ್ಕತ್ತಾ, ಬೊಂಬಾಯಿ ಮೂರು ಹೈಕೋರ್ಟುಗಳಿಗೆ ಮುಖ್ಯ ನ್ಯಾಯಮೂರ್ತಿಯಾದರು. ಟೆಂಟಿನಲ್ಲಿ ಶಾರದಾ ಎದ್ದು ನಿಂತಾಗ ನನ್ನ ಬೆನ್ನೂ ನೆಟ್ಟಗಾಗಿತ್ತು, ಸುಳ್ಳು ಯಾಕೆ ಹೇಳಲಿ. ನೀನು ಲಾ ಓದು. ಆದರೆ ಎದುರು ವಕೀಲನ ಮುಖ ನೋಡಿ ವಾದ ಮಾಡೋದನ್ನು ಸಿನಿಮಾದಿಂದ ಕಲಿತರೆ, ಪಕ್ಕದಲ್ಲಿ ನಿಂತವಳ ಮುಖ ನೋಡೋದನ್ನು ಬೇರೆ ಎಲ್ಲಾದರೂ ಕಲಿತುಕೊಂಡು ಬಾ.

ನಿಜ ಜೀವನದಲ್ಲಿ ವಕೀಲಿ ಬಲ್ಲ ಗಂಡನ ಎದುರು ಹೆಂಡತಿ ನಿಂತ ದೇಶದ ದೊಡ್ಡ ಕೇಸು ಯಾವುದು? ಇಂದೋರಿನ ಶಾ ಬಾನೋ ಅವರದು. ಗಂಡ ವಕೀಲ, ಹೆಂಡತಿ ಐದು ಮಕ್ಕಳ ತಾಯಿ, ವಯಸ್ಸಾದವಳು. 1979ರಲ್ಲಿ ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. 1980ರಲ್ಲಿ ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆ ಮಾಡಿತು. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಆದ ರಾಜಕೀಯ ಎಲ್ಲರಿಗೂ ನೆನಪಿದೆ, ಆ 20 ಪೈಸೆ ಯಾರಿಗೂ ನೆನಪಿಲ್ಲ. ಆಕೆ ಅಷ್ಟು ವರ್ಷ ಅಲೆದದ್ದು ಆ ಮೊತ್ತಕ್ಕೆ. ಅಲ್ಲಿ ಇಬ್ಬರು ವಕೀಲರ ಚಂದದ ಜಗಳ ಇರಲಿಲ್ಲ, ಒಬ್ಬ ಕಾನೂನು ಬಲ್ಲವನು, ಒಬ್ಬಳು ಬಾರದವಳು.

ಹಾಗಾದರೆ ಏನು ಮಾಡಬೇಕು ಅಂತ ಕಾರ್ಯದರ್ಶಿಗಳು ಕೇಳಿದರು. ಕೇಳಿದ್ದಕ್ಕೆ ಹೇಳುತ್ತೇನೆ, ಆಮೇಲೆ ಟೀಚರಮ್ಮ ಬೈದು ಸುಮ್ಮನಾದಳು ಅನ್ನಬಾರದು.

ಸಾಕ್ಷಿ ಹೇಳಿದವರ ಮಾತನ್ನು ಬರೆದುಕೊಂಡ ಭಾಷೆ ಅವರಿಗೆ ಬಾರದೆ ಇದ್ದರೆ, ಬರೆದುಕೊಂಡದ್ದನ್ನು ನನ್ನ ಭಾಷೆಯಲ್ಲಿ ತಿಳಿಸಿ ಹೇಳಿ ಅಂತ ಕೇಳೋ ಹಕ್ಕು ಸಾಕ್ಷಿಗೆ ಇದೆ. ಹಳೇ ಸಂಹಿತೆಯಲ್ಲಿ 278, ಹೊಸದರಲ್ಲಿ 313. ಸಿವಿಲ್ ಕೇಸಿಗೂ ಇಂಥದೇ ನಿಯಮ ಉಂಟು. ಕೇಳದಿದ್ದರೂ ತಿಳಿಸಿ ಹೇಳಲೇಬೇಕು ಅನ್ನೋದು ಕಾನೂನು, ಆದರೆ ಕೇಳದಿದ್ದರೆ ಯಾರೂ ಹೇಳಲ್ಲ. ಆಯಮ್ಮನಿಗೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. 31 ವರ್ಷ ಪಾಠ ಮಾಡಿದೆ ಅಂತ ಬೀಗುವ ನಾನು ಒಂದು ದಿನವಾದರೂ ಈ ಒಂದು ಸಾಲನ್ನು ಮಕ್ಕಳಿಗೆ ಬರೆಸಿದ್ದರೆ! ಈ ತಪ್ಪನ್ನು ನನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಪ್ರಕಾರ ಉಚಿತವಾಗಿ ವಕೀಲರನ್ನು ಕೊಡಬೇಕು ಅನ್ನೋದೂ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ವಾಚನಾಲಯದ ಗೋಡೆಗೆ ಅಂಟಿಸಿ, ಸಿನಿಮಾ ಪೋಸ್ಟರ್ ಅಂಟಿಸುವ ಜಾಗದಲ್ಲೇ. ಕೋರ್ಟಿಗೆ ಹೋಗುವ ಹೆಣ್ಣುಮಗಳ ಜೊತೆ ಎರಡೂ ಭಾಷೆ ಚೆನ್ನಾಗಿ ಬಲ್ಲ ಒಬ್ಬರು ಹೋಗಲಿ. ಅವರಿಗೆ ಕೋರ್ಟಿನಲ್ಲಿ ಮಾತಾಡೋ ಅಧಿಕಾರ ಇಲ್ಲ, ಆದರೆ ವಕೀಲರ ಕಿವಿಯಲ್ಲಿ ಸಾರ್, ಅವಳು ಅಂದದ್ದು ಅದಲ್ಲ ಅನ್ನೋಕೆ ಯಾರ ಅಪ್ಪಣೆಯೂ ಬೇಡ.

ಆಯಮ್ಮನನ್ನು ಮತ್ತೆ ಕರೆಸಿ ಅವಳ ಸಾಕ್ಷಿಯನ್ನು ಇನ್ನೊಮ್ಮೆ ಕೇಳಿ ಅಂತ ನಮ್ಮ ವಕೀಲರು ಅರ್ಜಿ ಹಾಕಿದ್ದಾರೆ. ಸಾಕ್ಷಿಯನ್ನು ಮರಳಿ ಕರೆಸೋ ಅಧಿಕಾರ ಕೋರ್ಟಿಗೆ ಇದೆ. ಕರೆಸುತ್ತಾರೋ ಇಲ್ಲವೋ, ಎದುರುಗಡೆಯವರು ತಕರಾರು ಎತ್ತಿದ್ದಾರೆ. ಅರ್ಜಿಯಲ್ಲಿ ಬಂದುಬಿಟ್ಟೆ, ಬಿಟ್ಟುಬಂದೆ ಎರಡರ ವ್ಯತ್ಯಾಸ ವಿವರಿಸಿ ಒಂದು ಪ್ಯಾರಾ ಸೇರಿಸಿದ್ದಾರೆ. ಅದನ್ನು ಬರೆದುಕೊಟ್ಟವಳು ನಾನು. ಮಳೆಯ ಉದಾಹರಣೆಯನ್ನೂ ಹಾಕಿದ್ದೆ, ವಕೀಲರು ನಗುತ್ತಾ ಹೊಡೆದುಹಾಕಿದರು. ನನಗೆ ಅದರ ಮೇಲೆ ಇನ್ನೂ ಸಿಟ್ಟಿದೆ.

ಮುಂದಿನ ವಾಯಿದೆ ಬರುವ ಸೋಮವಾರ. ಮೊದಲ ಬಸ್ಸಿಗೆ ನಾನು, ಆಯಮ್ಮ, ಮಗು ಹೊರಡುತ್ತೇವೆ. ಲಾ ಓದುತ್ತೇನೆ ಅಂದ ಹುಡುಗಿ ಜೊತೆಗೆ ಬರೋದಾದರೆ ಭಾನುವಾರ ಸಂಜೆಯೊಳಗೆ ಹೇಳಲಿ. ಮೊಸರನ್ನದ ಬುತ್ತಿ ನಮ್ಮ ಮನೆಯಿಂದ.